ಎಷ್ಟು ಜನರನ್ನ ಕೇಳಿದೆ?

ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ. ಆದರೆ ಮಕ್ಕಳ ಮನೆಯಲ್ಲೆಲ್ಲ ಫೋನ್ ಇದೆ, ವಾಟ್ಸಾಪ್ ಇದೆ. "ಫೋನಲ್ಲಿ ಬಂದದ್ದನ್ನೆಲ್ಲ ನಂಬಬೇಡಿ" ಅಂದರೆ ತಲೆಯಾಡಿಸುತ್ತಾರೆ, ಅಷ್ಟೇ. ಅದಕ್ಕೆ ಅವರ ಕೈಲೇ ಸುದ್ದಿ ಬರೆಸಲು ಶುರು ಮಾಡಿದೆ. ಸುದ್ದಿ ಹೇಗೆ ತಯಾರಾಗುತ್ತದೆ ಅಂತ ಗೊತ್ತಾದರೆ ಹೇಗೆ ಕೆಡುತ್ತದೆ ಅನ್ನೋದೂ ಗೊತ್ತಾಗುತ್ತದೆ, ಅಲ್ವಾ?

ಡ್ರಾಯಿಂಗ್ ಶೀಟಿನ ಗೋಡೆ ಪತ್ರಿಕೆ. ಶೇಂಗಾ ರೇಟು, ಕೆಟ್ಟ ಬೋರ್‌ವೆಲ್, ಬಿಸಿಯೂಟ, ಎಲ್ಲ ಊರಿನ ಸುದ್ದಿಯೇ.

ಒಬ್ಬ ಹುಡುಗಿ ಬರೆದು ತಂದಳು: "ನಮ್ಮ ಬೀದಿಯಲ್ಲಿ ಯಾರ ಮನೆಗೂ ನೀರು ಬಂದಿಲ್ಲ." ಎಷ್ಟು ಜನರನ್ನ ಕೇಳಿದೆ ಪುಟ್ಟಿ? "ನಮ್ಮವ್ವನ್ನ, ಪಕ್ಕದ್ಮನೆ ದೊಡ್ಡಮ್ಮನ್ನ." ಮತ್ತೆ 'ಯಾರ ಮನೆಗೂ' ಅಂತ ಹೇಗೆ ಬರೆದೆ? ಮುಖ ಸಣ್ಣದಾಯಿತು. ಮರುದಿನ ಇಡೀ ಬೀದಿ ಕೇಳಿಕೊಂಡು ಬಂದಳು. ತಗ್ಗಿನ ಮನೆಗಳಿಗೆ ನೀರು ಬರುತ್ತಿತ್ತು, ದಿಬ್ಬದ ಮೇಲಿನವರಿಗೆ ಇಲ್ಲ. ನೀರುಗಂಟಿಯನ್ನೂ ಬಿಟ್ಟಿರಲಿಲ್ಲ. ಹೊಸ ಹೆಡ್ಡಿಂಗ್ ಅವಳದೇ: "ದಿಬ್ಬದ ಮನೆಗಳಿಗೆ ನೀರಿಲ್ಲ, ಪೈಪ್ ಒಡೆದಿದೆ ಎಂದ ನೀರುಗಂಟಿ."

ಫೋಟೋ ತೆಗೆಯಲು ನನ್ನ ಫೋನ್ ಕೊಡುತ್ತೇನೆ. ಮೊದಲು ಕೇಳಬೇಕು, ಆಮೇಲೆ ಕ್ಲಿಕ್. ಯಾವತ್ತು, ಎಲ್ಲಿ ತೆಗೆದದ್ದು ಅಂತ ಕೆಳಗೆ ಬರೆಯಬೇಕು. ಒಬ್ಬ ಅಜ್ಜ "ನಂದು ಬ್ಯಾಡ ಮಗ" ಅಂದರು. ಮಕ್ಕಳು ಅವರ ಕುರಿಯ ಚಿತ್ರ ಬರೆದು ಅಂಟಿಸಿದರು. ಆ್ಯಪ್ ಬಳಸೋದನ್ನ ಮಾತ್ರ ಕಲಿಸಲು ಹೋಗುವುದಿಲ್ಲ. ಅದರಲ್ಲಿ ಅವರೇ ನನಗಿಂತ ಚುರುಕು.

ಒಂದು ಮಳೆಗಾಲದಲ್ಲಿ "ಮಾರಿಕಣಿವೆ ಕೋಡಿ ಬಿತ್ತು" ಅಂತ ವಾಟ್ಸಾಪಿನಲ್ಲಿ ಫೋಟೋ ಬಂತು. ಮಾರಿಕಣಿವೆ ಅಂದರೆ ನಮ್ಮ ವಾಣಿವಿಲಾಸ ಸಾಗರ ಡ್ಯಾಮ್. ಸಾಲು ಗೇಟುಗಳಿಂದ ನೀರು ಧುಮುಕುತ್ತಿತ್ತು. 1933ರ ನಂತರ ಈ ಡ್ಯಾಮ್ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ಆಗ ಮಕ್ಕಳೂ ಅಪ್ಪ ಅಮ್ಮನ ಜೊತೆ ಹೋಗಿ ನೋಡಿದ್ದರು. ಫೋಟೋ ತೋರಿಸಿದ ಕೂಡಲೇ ಒಬ್ಬ ಎದ್ದು ನಿಂತ: "ಮಿಸ್, ನಮ್ ಡ್ಯಾಮಿಗೆ ಗೇಟ್ ಎಲ್ಲೈತೆ?" ಸರಿಯೇ. ವಾಣಿವಿಲಾಸ ಸಾಗರ ತುಂಬಿದರೆ ನೀರು ತಾನಾಗೇ ಪಕ್ಕದ ಕೋಡಿಯಿಂದ ಹರಿಯುತ್ತದೆ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಬೇರೆ ಇತ್ತು, ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಫೋಟೋ ಹಳೇ ಸುದ್ದಿಯೊಂದರಲ್ಲಿ ಬೇರೆ ಡ್ಯಾಮಿನ ಹೆಸರಲ್ಲಿ ಸಿಕ್ಕಿತು.

ಲೆನ್ಸ್ ಸಿಕ್ಕ ಮೇಲೆ ಮಕ್ಕಳಿಗೆ ಅದೇ ಜಡ್ಜ್ ಆಗಿಬಿಟ್ಟಿತು. ಅದು ಹೋಲುವ ಚಿತ್ರಗಳನ್ನ ತೋರಿಸುತ್ತದೆ ಅಷ್ಟೇ. ಪುಟ ತೆರೆದು ತಾರೀಖು ಓದೋದು ನಮ್ಮ ಕೆಲಸ. ಎಐ ಮಾಡಿದ ಚಿತ್ರವಾದರೆ ಹಳೇ ಮೂಲ ಸಿಗದೇ ಹೋಗಬಹುದು. ಅಂಥ ಕಡೆ ಸುಮ್ನೆ ಫೋನ್ ತಿಕ್ಕಿ ಪ್ರಯೋಜನವಿಲ್ಲ. ಹೊಸದುರ್ಗದ ಸುದ್ದಿಯಾದರೆ "ಹೊಸದುರ್ಗದಲ್ಲಿ ಯಾರ ನೆಂಟರಿದ್ದಾರೆ?" ಅಂತ ತರಗತಿಯಲ್ಲಿ ಕೇಳುತ್ತೇನೆ. ಯಾರದಾದರೂ ಸೋದರಮಾವ ಇದ್ದೇ ಇರುತ್ತಾರೆ.