ಬೇಡವಾದ ಕ್ರಿಸ್‌ಮಸ್ ಗಿಫ್ಟ್‌ಗಳನ್ನು ಅಂಗಡಿಗೆ ವಾಪಸ್ ಕೊಡುವುದು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಡಿಸೆಂಬರ್ ಮುಗಿಯುವಷ್ಟರಲ್ಲಿ ಮನೆಯಲ್ಲಿ ಗಿಫ್ಟ್ ಡಬ್ಬಗಳು ಸೇರಿಕೊಂಡಿರುತ್ತವೆ. ಆಫೀಸಿನ ಸೀಕ್ರೆಟ್ ಸಾಂಟಾದಲ್ಲಿ (ಚೀಟಿ ಎತ್ತಿ ಹೆಸರು ಹೇಳದೆ ಗಿಫ್ಟ್ ಕೊಡುವ ಆಟ) ಬಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಮಕ್ಕಳ ಸ್ನೇಹಿತರ ಮನೆಯಿಂದ ಬಂದದ್ದು. ಸ್ವೆಟರ್ ಅಳತೆಗೆ ಬರುವುದಿಲ್ಲ, ಬ್ಲೆಂಡರ್ ಮನೆಯಲ್ಲಿ ಆಗಲೇ ಇದೆ, ಒಂದೇ ಆಟಿಕೆ ಎರಡು ಕಡೆಯಿಂದ ಬಂದಿದೆ. ಹೊಸದಾಗಿ ಬಂದ ನಮ್ಮವರು ಸಂಕೋಚಪಟ್ಟು ಇವನ್ನೆಲ್ಲ ಕ್ಲಾಸೆಟ್‌ಗೆ ತುಂಬಿಡುತ್ತಾರೆ. ಆಮೇಲೆ ಯುಗಾದಿಗೆ ಮನೆ ಕ್ಲೀನ್ ಮಾಡುವಾಗ ನೆನಪಾಗುತ್ತದೆ, ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ. ಅದಕ್ಕೇ ಹೇಳುವುದು, ಈ ಕೆಲಸವನ್ನು ಸಂಕ್ರಾಂತಿಗೆ ಮೊದಲೇ ಮುಗಿಸಿಬಿಡಿ.

ಮೊದಲು ಸಂಕೋಚದ ಮಾತು. ಪ್ರೀತಿಯಿಂದ ಕೊಟ್ಟದ್ದನ್ನು ಅಂಗಡಿಗೆ ಹಾಕುವುದಾ, ಅವರಿಗೆ ಬೇಜಾರಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಡಬ್ಬದೊಳಗೆ ಅಥವಾ ಬಟ್ಟೆಯ ಮಡಿಕೆಯಲ್ಲಿ ಒಂದು ಸಣ್ಣ ಚೀಟಿ ಇದೆಯಾ ನೋಡಿ. ಅದೇ ಗಿಫ್ಟ್ ರಿಸೀಟ್. ಅದರಲ್ಲಿ ಬೆಲೆ ಇರುವುದಿಲ್ಲ, ವಸ್ತುವಿನ ವಿವರ ಮತ್ತು ಬಾರ್‌ಕೋಡ್ ಮಾತ್ರ ಇರುತ್ತದೆ. ಬೇಡವಾದರೆ ಬದಲಾಯಿಸಿಕೊಳ್ಳಲಿ ಅಂತಲೇ ಕೊಟ್ಟವರು ಅದನ್ನು ಇಟ್ಟಿರುತ್ತಾರೆ. ಹಾಗಾಗಿ ಸುಮ್ನೆ ಹಿಂಜರಿಯಬೇಡಿ. ಬಣ್ಣದ ಕಾಗದ ಹರಿದು ಕಸಕ್ಕೆ ಹಾಕುವಾಗ ಈ ಚೀಟಿಯೂ ಜೊತೆಗೆ ಹೋಗಿಬಿಡುತ್ತದೆ, ಅದರ ಮೇಲೆ ಕಣ್ಣಿರಲಿ.

ಗಿಫ್ಟ್ ರಿಸೀಟ್ ಇದ್ದರೆ ಸಾಮಾನ್ಯವಾಗಿ ನಗದು ಸಿಗುವುದಿಲ್ಲ. ಬೇರೆ ಸೈಜ್ ಕೊಡುತ್ತಾರೆ, ಇಲ್ಲವೇ ಅದೇ ಅಂಗಡಿಯ ಗಿಫ್ಟ್ ಕಾರ್ಡ್ ಅಥವಾ ಸ್ಟೋರ್ ಕ್ರೆಡಿಟ್ (ಅದೇ ಅಂಗಡಿಯಲ್ಲಿ ಖರ್ಚು ಮಾಡಬಹುದಾದ ಮೊತ್ತ) ಕೊಡುತ್ತಾರೆ. ಯಾವ ರಿಸೀಟೂ ಇಲ್ಲದಿದ್ದರೂ ಪ್ರಯತ್ನ ಬಿಡಬೇಡಿ. ಹಲವು ಅಂಗಡಿಗಳು ತೆಗೆದುಕೊಳ್ಳುತ್ತವೆ, ಆದರೆ ಆ ವಸ್ತು ಇತ್ತೀಚೆಗೆ ಮಾರಾಟವಾದ ಅತಿ ಕಡಿಮೆ ಬೆಲೆಯನ್ನಷ್ಟೇ ಲೆಕ್ಕ ಹಾಕುತ್ತವೆ. ಡಿಸೆಂಬರ್ 26ರ ನಂತರ ಕ್ರಿಸ್‌ಮಸ್ ಸಾಮಾನಿನ ಬೆಲೆ ಅರ್ಧಕ್ಕೆ ಇಳಿಯುವುದುಂಟು, ನಿಮಗೂ ಅಷ್ಟೇ ಸಿಗುತ್ತದೆ. ಫೋಟೋ ಇರುವ ಸರ್ಕಾರಿ ಐಡಿಯನ್ನೂ ಕೇಳುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಇನ್ನೂ ಬಂದಿಲ್ಲದಿದ್ದರೆ, ಪಾಸ್‌ಪೋರ್ಟ್ ನಡೆಯುತ್ತದೆಯೇ ಅಂತ ಅಂಗಡಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ. ಅಮೆರಿಕದಲ್ಲಿ ಏನು ಕೊಂಡರೂ ವಾಪಸ್ ತೆಗೆದುಕೊಳ್ಳಬೇಕು ಅಂತ ಕಾನೂನಿದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ವಸ್ತು ಚೆನ್ನಾಗಿದ್ದು, ನಮಗೆ ಬೇಡ ಅನ್ನಿಸಿದ್ದಷ್ಟೇ ಕಾರಣವಾದರೆ, ಅಂಗಡಿಯವರು ತೆಗೆದುಕೊಳ್ಳಲೇಬೇಕೆಂಬ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು, ಇಲ್ಲ. ಮೂರು ದಿನದಲ್ಲಿ ರದ್ದು ಮಾಡಬಹುದು ಅಂತ ಕೇಳಿರುತ್ತೀರಲ್ವಾ, ಅದು ಮನೆಬಾಗಿಲಿಗೆ ಬಂದು ಮಾರುವಂಥ ವ್ಯಾಪಾರಕ್ಕೆ ಇರುವ ನಿಯಮ, ಅಂಗಡಿಯಲ್ಲಿ ಕೊಂಡದ್ದಕ್ಕೆ ಅನ್ವಯಿಸುವುದಿಲ್ಲ. ಉಳಿದದ್ದು ಆಯಾ ಅಂಗಡಿಯ ಪಾಲಿಸಿ ಮತ್ತು ಆಯಾ ರಾಜ್ಯದ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ, ಕೊಂಡ 7 ದಿನದೊಳಗೆ ಪೂರ್ತಿ ಹಣ, ಕ್ರೆಡಿಟ್ ಅಥವಾ ಬದಲಿ ವಸ್ತು ಕೊಡದ ಅಂಗಡಿ ತನ್ನ ನಿಯಮವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹಾಕದಿದ್ದರೆ ಗ್ರಾಹಕರು 30 ದಿನದೊಳಗೆ ವಾಪಸ್ ಕೊಡಬಹುದು. ತಿನ್ನುವ ಪದಾರ್ಥ, ಹೂವು, ಗಿಡ, ಫೈನಲ್ ಸೇಲ್ ಅಂತ ಗುರುತು ಮಾಡಿದ ಸಾಮಾನು ಇದಕ್ಕೆ ಸೇರುವುದಿಲ್ಲ. ಚಿಕ್ಕ ಅಂಗಡಿಗೆ ಹೋಗುವಾಗ ಇದು ಗೊತ್ತಿದ್ದರೆ ಒಳ್ಳೆಯದು.

ಇನ್ನು ತಾರೀಖು. ದೊಡ್ಡ ಅಂಗಡಿಗಳು ಹಬ್ಬದ ಸೀಸನ್‌ಗೆ ಗಡುವನ್ನು ಉದ್ದ ಮಾಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅಮೆಜಾನ್ ಮತ್ತು ವಾಲ್‌ಮಾರ್ಟ್ ಹೆಚ್ಚಿನ ವಸ್ತುಗಳಿಗೆ ಜನವರಿ 31ರ ತನಕ ಸಮಯ ಕೊಟ್ಟಿವೆ. ಬೆಸ್ಟ್ ಬೈ ಜನವರಿ ಮಧ್ಯಕ್ಕೇ ಮುಗಿಸುತ್ತದೆ, ಆಪಲ್ ಇನ್ನೂ ಬೇಗ. ಕಾಸ್ಟ್‌ಕೊ ಎಲ್ಲರಿಗಿಂತ ಉದಾರಿ, ಆದರೆ ಅಲ್ಲಿಯೂ ಟಿವಿ, ಕಂಪ್ಯೂಟರ್, ಕ್ಯಾಮೆರಾ, ಫೋನ್‌ಗಳಿಗೆ 90 ದಿನ ಮಾತ್ರ. ಪ್ರತಿ ವರ್ಷ ಇದು ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಅಂಗಡಿಯ ವೆಬ್‌ಸೈಟ್‌ನಲ್ಲಿ ಆ ವರ್ಷದ ಹಾಲಿಡೇ ರಿಟರ್ನ್ ಪುಟವನ್ನೇ ನೋಡಿ.

ಡಬ್ಬ ತೆರೆಯುವ ಮುಂಚೆ ಯೋಚಿಸಿ. ಸೀಲ್ ಒಡೆದ ವಿಡಿಯೋ ಗೇಮ್‌ಗೆ ಹೆಚ್ಚಿನ ಕಡೆ ಅದೇ ಗೇಮ್‌ನ ಇನ್ನೊಂದು ಪ್ರತಿ ಬಿಟ್ಟರೆ ಏನೂ ಸಿಗುವುದಿಲ್ಲ. ತೆರೆದ ಎಲೆಕ್ಟ್ರಾನಿಕ್ಸ್‌ಗೆ ಕೆಲವು ಅಂಗಡಿಗಳು ರೀಸ್ಟಾಕಿಂಗ್ ಫೀ ಅಂತ ಒಂದಷ್ಟು ಹಣ ಹಿಡಿದುಕೊಳ್ಳುತ್ತವೆ. ಬಟ್ಟೆಯನ್ನು ಹಾಕಿ ನೋಡಬಹುದು, ಟ್ಯಾಗ್ ಕೀಳಬೇಡಿ.

ಊರಿಗೆ ಕಳಿಸೋಣ ಬಿಡಿ ಅನ್ನುವವರಿಗೆ ಒಂದು ಮಾತು, ಇದನ್ನು ನಾವು ಒತ್ತಿ ಹೇಳುತ್ತೇವೆ. ಇಲ್ಲಿನ ಕರೆಂಟು 120 ವೋಲ್ಟ್, ಊರಿನಲ್ಲಿ 230. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳು ಸಾಮಾನ್ಯವಾಗಿ ಎರಡಕ್ಕೂ ಹೊಂದುತ್ತವೆ, ಅದರ ಮೇಲೆ 100-240 ಅಂತ ಬರೆದಿರುತ್ತದೆ. ಆದರೆ ಬ್ಲೆಂಡರ್, ಕಾಫಿ ಮೇಕರ್, ಹೇರ್ ಡ್ರೈಯರ್, ಇನ್‌ಸ್ಟಂಟ್ ಪಾಟ್ ಥರದವು ಹೆಚ್ಚಾಗಿ 120ಕ್ಕೆ ಮಾತ್ರ ಮಾಡಿದವು. ಚಳಿಗಾಲ ಕಳೆಯಲು ಬಂದ ಅಪ್ಪ ಅಮ್ಮ ಸೂಟ್‌ಕೇಸಿಗೆ ತುಂಬಿಕೊಂಡು ಹೋಗಿ ಅಲ್ಲಿ ಪ್ಲಗ್ ಹಾಕಿದರೆ ಸುಟ್ಟುಹೋಗುತ್ತದೆ, ಅಪಾಯವೂ ಹೌದು. ಅಂಥದ್ದನ್ನು ಇಲ್ಲೇ ವಾಪಸ್ ಕೊಡಿ. ಕೊಡಲು ಆಗದಿದ್ದರೆ ಗುಡ್‌ವಿಲ್‌ನಂಥ ಕಡೆ ದಾನ ಮಾಡಬಹುದು, ಅಥವಾ ನಿಮ್ಮ ಕಡೆಯ ಕನ್ನಡ ಕೂಟದ ಗುಂಪಿನಲ್ಲಿ ಯಾರಿಗಾದರೂ ಬೇಕಾ ಅಂತ ಕೇಳಿ. ಈಗಷ್ಟೇ ಬಂದು ಅಡುಗೆಮನೆ ಜೋಡಿಸುತ್ತಿರುವವರು ಯಾವಾಗಲೂ ಇರುತ್ತಾರೆ.

ಅಮೆಜಾನ್‌ನಿಂದ ಬಂದ ಗಿಫ್ಟ್ ಆದರೆ ಜೊತೆಯಲ್ಲಿರುವ ಚೀಟಿಯ ಆರ್ಡರ್ ನಂಬರ್ ಹಾಕಿ ನಿಮ್ಮ ಅಕೌಂಟಿನಿಂದಲೇ ರಿಟರ್ನ್ ಶುರು ಮಾಡಬಹುದು. ಹಣ ಗಿಫ್ಟ್ ಕಾರ್ಡ್ ರೂಪದಲ್ಲಿ ನಿಮ್ಮ ಅಕೌಂಟಿಗೆ ಬರುತ್ತದೆ, ಕೊಟ್ಟವರಿಗೆ ಸುದ್ದಿ ಹೋಗುವುದಿಲ್ಲ. ಕ್ಯೂಆರ್ ಕೋಡ್ ಬಂದರೆ ಹೋಲ್ ಫುಡ್ಸ್, ಕೋಲ್ಸ್ ಅಥವಾ ಯುಪಿಎಸ್ ಸ್ಟೋರ್‌ಗಳಲ್ಲಿ, ಆಪ್ ತೋರಿಸುವ ಕಡೆ ಕೊಟ್ಟು ಬರಬಹುದು. ಎಷ್ಟೋ ಸಲ ಪ್ಯಾಕ್ ಮಾಡುವುದೂ ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಷ್ಠುರವಾಗಿ ಹೇಳಬೇಕು. ಪಾರ್ಟಿಗೆ ಒಂದು ರಾತ್ರಿ ಹಾಕಿಕೊಂಡ ಡ್ರೆಸ್ಸನ್ನು, ಟ್ರಿಪ್‌ಗೆ ಬಳಸಿದ ಕ್ಯಾಮೆರಾವನ್ನು ಹೊಸದರಂತೆ ವಾಪಸ್ ಕೊಡುವವರಿದ್ದಾರೆ. ಅದು ಮೋಸ. ಹಲವು ಅಂಗಡಿಗಳು ಯಾರು ಎಷ್ಟು ವಾಪಸ್ ಕೊಟ್ಟರು ಅಂತ ಐಡಿ ಮೂಲಕ ದಾಖಲೆ ಇಡುತ್ತವೆ, ಜಾಸ್ತಿಯಾದರೆ ಮುಂದೆ ನಿಮ್ಮ ನ್ಯಾಯವಾದ ರಿಟರ್ನನ್ನೂ ನಿರಾಕರಿಸಬಹುದು.

ಹೋಗುವ ಹೊತ್ತು: ಡಿಸೆಂಬರ್ 26 ಮತ್ತು ಅದರ ಮುಂದಿನ ವಾರಾಂತ್ಯ ಬೇಡ, ಕ್ಯೂ ಉದ್ದ ಇರುತ್ತದೆ. ಜನವರಿ ಮೊದಲ ವಾರದ ಯಾವುದಾದರೂ ಕೆಲಸದ ದಿನ ಬೆಳಿಗ್ಗೆ ಹೋಗಿ. ಕಸ್ಟಮರ್ ಸರ್ವೀಸ್ ಅಥವಾ ರಿಟರ್ನ್ಸ್ ಬೋರ್ಡಿನ ಕೆಳಗೆ ನಿಂತು, ಇದು ಗಿಫ್ಟ್ ಬಂತು, ರಿಟರ್ನ್ ಮಾಡಬೇಕು ಅಂದರೆ ಸಾಕು. ದೊಡ್ಡ ವಿವರಣೆ ಯಾರೂ ಕೇಳುವುದಿಲ್ಲ. ಕಾರ್ಡಿಗೆ ಹಣ ವಾಪಸ್ ಬರುವುದಿದ್ದರೆ ಕೆಲವು ದಿನ ಹಿಡಿಯುತ್ತದೆ, ಸ್ಟೇಟ್‌ಮೆಂಟಿನಲ್ಲಿ ಕಾಣುವ ತನಕ ಅವರು ಕೊಟ್ಟ ಚೀಟಿ ಎಸೆಯಬೇಡಿ. ಗಿಫ್ಟ್ ಕಾರ್ಡ್ ಕೊಟ್ಟರೆ, ಅದರಲ್ಲಿ ಎಷ್ಟಿದೆ ಅಂತ ಕೌಂಟರ್ ಬಿಡುವ ಮುಂಚೆ ಕೇಳಿ ನೋಡಿಕೊಳ್ಳಿ.