ಬಂಡೀಪುರದ ಪರ ದನಿ ಎತ್ತೋದು ಹೇಗೆ?

ಬಂಡೀಪುರದ ಕಾಡಿನೊಳಗೆ ಕೇರಳಕ್ಕೆ ಹೋಗೋ ಹೈವೇಲಿ (ಎನ್‌ಎಚ್ 766) ಪ್ರಾಣಿಗಳಿಗೆ ತೊಂದ್ರೆ ಆಗ್ಬಾರ್ದು ಅಂತ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡಲ್ಲ, 2009ರಿಂದ ಇರೋ ರೂಲ್ ಇದು, ಆದ್ರೂ ತೆಗೀಬೇಕು ಅನ್ನೋ ಒತ್ತಡ ಆಗಾಗ ಬರ್ತಾನೇ ಇರುತ್ತೆ, ಆಗ ಬರೀ ವಾಟ್ಸಾಪ್ ಸ್ಟೇಟಸ್ ಹಾಕಿದ್ರೆ ಏನೂ ಆಗಲ್ಲ ಕಣ್ರೀ.

ಮೊದ್ಲು ದಾಖಲೆ ಕೈಲಿರ್ಬೇಕು. ಅರಣ್ಯ ಇಲಾಖೆಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಫೀಸು 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಬೇರೆ. ಅದಕ್ಕೇ "ಕಾಡಿನ ಬಗ್ಗೆ ಮಾಹಿತಿ ಕೊಡಿ" ಅಂತೆಲ್ಲ ಬರೀಬೇಡಿ, "ಎನ್‌ಎಚ್ 766ರಲ್ಲಿ ಗಾಡಿ ಬಡಿದು ಸತ್ತ ಪ್ರಾಣಿಗಳ ಪಟ್ಟಿ, ವರ್ಷ, ಸಮಯ, ಜಾಗದ ಸಮೇತ" ಅಂತ ನೇರವಾಗಿ ಕೇಳಿ.

ಆಮೇಲೆ ಈ ರೂಲ್ ತೆಗೀಬೇಡಿ ಅಂತ ಮನವಿ. ಡಿಸಿಗೆ ಒಂದು, ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಒಂದು, ಸ್ವೀಕೃತಿ ಸೀಲ್ ಹಾಕಿಸ್ಕೊಳ್ದೆ ವಾಪಸ್ ಬರ್ಬೇಡಿ. "ಮತ್ತೆ ಕೇರಳದವ್ರು ಹೆಂಗೆ ಹೋಗೋದು?" ಅಂತ ಕೇಳೇ ಕೇಳ್ತಾರೆ, ಹುಣಸೂರು-ಗೋಣಿಕೊಪ್ಪ-ಕುಟ್ಟ ರಸ್ತೆ ಇದೆ, ಆಂಬುಲೆನ್ಸಿಗೆ ಬಂಡೀಪುರದಲ್ಲೇ ರಾತ್ರಿ ಬಿಡ್ತಾರೆ ಅಂತ ಮನವಿಲೇ ಬರ್ದಿಡಿ.

ಸಹಿ ಬೆಂಗಳೂರಿನವ್ರದ್ದಷ್ಟೇ ಇದ್ರೆ ಸಾಲದು. ಗುಂಡ್ಲುಪೇಟೆ ಕಡೆ ಕಾಡಂಚಿನ ರೈತರನ್ನ ಮಾತಾಡ್ಸಿ, ಆನೆ ಬೆಳೆ ತಿಂದು ಪರಿಹಾರ ಬಾಕಿ ಇದ್ರೆ ಅದನ್ನೂ ಮನವಿಗೆ ಸೇರ್ಸಿ, ಇಲ್ದಿದ್ರೆ ಅವ್ರು ನಿಮ್ ಜೊತೆ ಯಾಕ್ ಬರ್ಬೇಕು ಹೇಳಿ?