ಹೇಗೆ ಮಾಡಿದ್ರೆ ಬರ್ತೀರಿ?

ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದೇನೆ. 30ರಿಂದ 65 ವರ್ಷದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆ ಆಗಬೇಕು. ನಮ್ಮ ಮೊದಲ ಕ್ಯಾಂಪಿಗೆ ಹೆಸರು ಬರೆಸಿದವರಲ್ಲಿ ಅರ್ಧ ಜನವೂ ಬರಲಿಲ್ಲ. ಅವರಿಗೆ ತಿಳಿವಳಿಕೆ ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಭಾಷಣ ಮಾಡಿದೆ. ಅದು ನನ್ನ ತಪ್ಪು.

ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಬರದವರ ಮನೆಗೇ ಹೋದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಬಿಡಿಸುತ್ತಾ ಕೇಳಿದೆ: ಹೇಗೆ ಮಾಡಿದ್ರೆ ಬರ್ತೀರಿ?

"ಆ ಪರದೆ ಗಾಳಿಗೆ ಹಾರ್ತದ ಅಕ್ಕಾರ" ಅಂದರು ಒಬ್ಬರು. ಕ್ಯಾಂಪಿನಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ನೋಡುವವರು ಹೆಣ್ಣೇ ಆಗಿರಲಿ ಅಂದವರು ಬಹಳ. ಇನ್ನೊಬ್ಬರು, "ಇವತ್ತ ಹೇಳ್ತೀರಿ ಅಂದ್ರ ಬರ್ತೀನಿ, ಎರಡೆರಡು ದಿನ ಕೂಲಿ ಬಿಡಾಕ ಆಗಂಗಿಲ್ಲ" ಅಂದರು.

ನಾವು ಮಾಡುವ ವಿಐಎ ಪರೀಕ್ಷೆಯಲ್ಲಿ ಉತ್ತರ ಅಲ್ಲೇ ಸಿಗುತ್ತದೆ. ಗರ್ಭಕಂಠಕ್ಕೆ 3ರಿಂದ 5 ಪರ್ಸೆಂಟಿನ ಅಸಿಟಿಕ್ ಆಸಿಡ್ (ವಿನೆಗರ್‌ನಲ್ಲಿರುವ ಆಮ್ಲ) ಹಚ್ಚಿ ಒಂದು ನಿಮಿಷ ಕಾಯುತ್ತೇವೆ. ಜೀವಕೋಶ ಬದಲಾಗಿದ್ದರೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಆದರೆ ಅದಕ್ಕೆ ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ, ಸ್ಪೆಕ್ಯುಲಮ್, ಹಾಕಲೇಬೇಕು. ಅದೇ ಭಯ.

ಒಂದಿಷ್ಟು ತಿಂಗಳು ಎಚ್‌ಪಿವಿ, ಅಂದರೆ ಈ ಕ್ಯಾನ್ಸರ್ ತರಬಲ್ಲ ವೈರಸ್, ಇದೆಯಾ ಅಂತ ನೋಡುವ ಕಿಟ್ ಸಿಕ್ಕಿತ್ತು. ಕಡ್ಡಿಯಂಥ ಬ್ರಷ್‌ನಿಂದ ಸ್ಯಾಂಪಲ್ ಅವರೇ ತೆಗೆದುಕೊಳ್ಳಬಹುದು. ಎಲ್ಲರಿಗೂ ಇದೇ ಇಷ್ಟ ಆಗುತ್ತೆ ಅಂದುಕೊಂಡಿದ್ದೆ. ಚಿಕ್ಕ ವಯಸ್ಸಿನವರು ಖುಷಿಯಿಂದ ಮಾಡಿದರು. ದೊಡ್ಡವರು ಕೆಲವರು ಬ್ರಷ್ ಕೈಯಲ್ಲಿ ಹಿಡಿದು, "ನಾ ಸರಿ ಮಾಡಿದ್ನೋ ಇಲ್ಲೋ, ನೀವ ಮಾಡ್ರಿ" ಅಂತ ವಾಪಸ್ ಕೊಟ್ಟರು. ವಾರದಲ್ಲಿ ಬರುತ್ತೆ ಅಂದಿದ್ದ ರಿಪೋರ್ಟು ತಿಂಗಳು ದಾಟಿತು. ಒಬ್ಬಾಕೆ ದಿನಾ ಫೋನ್ ಮಾಡುತ್ತಿದ್ದಳು. ಕ್ಯಾನ್ಸರ್ ಇದೆ, ಅದಕ್ಕೇ ಮುಚ್ಚಿಡುತ್ತಿದ್ದಾರೆ ಅಂತ ಅವಳ ಮನಸ್ಸಿಗೆ ಬಂದುಬಿಟ್ಟಿತ್ತು. ಕೊನೆಗೆ ನೆಗೆಟಿವ್ ಬಂತು. ಆ ನಲವತ್ತು ದಿನ ಅವಳು ಪಟ್ಟ ಸಂಕಟ ಯಾವ ರಿಜಿಸ್ಟರ್‌ನಲ್ಲೂ ಇಲ್ಲ.

ಹಾಗಂತ ಎಚ್‌ಪಿವಿ ಟೆಸ್ಟ್ ಬೇಡ ಅನ್ನುವವಳಲ್ಲ ನಾನು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಂದೇ ಸಲ ಈ ಟೆಸ್ಟ್ ಮಾಡಿದ್ದಕ್ಕೆ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಅಷ್ಟು ಒಳ್ಳೆಯ ಟೆಸ್ಟ್. ಆದರೆ ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ, ವೈರಸ್ ಇದೆ, ಮುಂದೆ ನೋಡಬೇಕು ಅಂತಷ್ಟೇ. ಇದನ್ನು ಸ್ಯಾಂಪಲ್ ತೆಗೆಯುವ ಮೊದಲೇ ಹೇಳಬೇಕು. ರಿಪೋರ್ಟ್ ಬಂದ ಮೇಲೆ ಹೇಳಿದರೆ ಕಿವಿಗೆ ಬೀಳಲ್ಲ.

ಈಗ ಪರದೆಯ ಕೆಳಗಂಚಿಗೆ ಮರಳಿನ ಚೀಲ ಹೊಲಿಸಿದ್ದೇನೆ. ಸ್ಪೆಕ್ಯುಲಮ್ ಒಂದನ್ನು ಅವರ ಕೈಗೇ ಕೊಟ್ಟು ತೆರೆದು ಮುಚ್ಚಿ ನೋಡಿ ಅನ್ನುತ್ತೇನೆ. ನಡುವೆ ಸಾಕು ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ, ಸುಮ್ನೆ ಬಾಯಿಮಾತಿಗಲ್ಲ. ರಿಪೋರ್ಟ್ ಯಾರಿಗೆ ತಿಳಿಸಲಿ ಅಂತಲೂ ಕೇಳುತ್ತೇನೆ. ಬರೆಸಿದ ನಂಬರ್ ಎಷ್ಟೋ ಸಲ ಗಂಡನದೋ ಮಗನದೋ ಆಗಿರುತ್ತೆ, ಅಲ್ವಾ? ಮೊನ್ನೆ ಒಬ್ಬರು ತಂಗಿಯ ನಂಬರ್ ಕೊಟ್ಟು, "ಸಂಜಿ ಆರರ ಮ್ಯಾಲೆ ಮಾಡ್ರಿ, ಆಗ ಆಕಿ ಒಬ್ಬಾಕಿನ ಇರ್ತಾಳ" ಅಂದರು. ಹೆಸರಿನ ಪಕ್ಕ ಹಾಗೇ ಬರೆದುಕೊಂಡೆ.